ಮುಟ್ಟು ನಿಲ್ಲುವ ವಯಸ್ಸಿನ ಖಿನ್ನತೆ: ‘ತಾನಾಗಿಯೇ ಹೋಗುತ್ತೆ’ ಎನ್ನುವ ಫಾರ್ವರ್ಡ್ ನಂಬಬಹುದೇ?

ವಾಟ್ಸಾಪ್ ಗ್ರೂಪುಗಳಲ್ಲಿ ಸುತ್ತುವ ಈ ಧಾಟಿಯ ಸಂದೇಶ ನಿಮಗೂ ಬಂದಿರಬಹುದು: “45 ದಾಟಿದ ಹೆಂಗಸರಿಗೆ ಸಿಟ್ಟು, ಅಳು, ಬೇಜಾರು ಎಲ್ಲ ಸಹಜ. ಅದು ಹಾರ್ಮೋನಿನ ಆಟ. ಮನೆಯವರು ಎರಡು-ಮೂರು ವರ್ಷ ತಾಳ್ಮೆಯಿಂದಿರಿ, ತಾನಾಗಿಯೇ ಹೋಗುತ್ತೆ. ಅಮ್ಮನನ್ನು ಪ್ರೀತಿಸುವವರು ಹತ್ತು ಜನಕ್ಕೆ ಕಳಿಸಿ.” ಕೆಳಗೆ ಎರಡು ಗುಲಾಬಿ, ಒಂದು ಕೈಮುಗಿದ ಚಿತ್ರ.

ಇದನ್ನು ಕಳಿಸುವವರ ಮನಸ್ಸು ಒಳ್ಳೆಯದೇ. ಮನೆಯವರಿಗೆ ತಾಳ್ಮೆ ಹೇಳಿಕೊಡುವುದರಲ್ಲಿ ತಪ್ಪೇನಿಲ್ಲ. ಆದರೆ ಈ ಮಾತಿನಲ್ಲಿ ಅರ್ಧ ಮಾತ್ರ ನಿಜ ಇದೆ. ಉಳಿದರ್ಧ ಅಪಾಯದ್ದು. ಮುಟ್ಟು ನಿಲ್ಲುವ ಕಾಲದಲ್ಲಿ ಮನಸ್ಸು ಏರುಪೇರಾಗುವುದು ನಿಜ. ಆದರೆ ಖಿನ್ನತೆ ಅನ್ನುವುದು ವಯಸ್ಸಿನ ಗುಣವಲ್ಲ, ಕಾಯಿಲೆ. ಅದಕ್ಕೆ ಚಿಕಿತ್ಸೆ ಇದೆ. “ಸಹಜ, ತಡ್ಕೋ” ಎಂದು ಸುಮ್ಮನಿದ್ದರೆ ವಾಸಿಯಾಗಬಹುದಾದ ಕಾಯಿಲೆಯನ್ನು ಬೆಳೆಯಲು ಬಿಟ್ಟಂತೆ. ಹಾಗಾಗಿ ಈ ಫಾರ್ವರ್ಡನ್ನು ಒಂದೊಂದು ಮಾತಾಗಿ ಬಿಡಿಸಿ ನೋಡೋಣ.

ಮುಟ್ಟು ನಿಲ್ಲುವುದು ಎಂದರೆ ಯಾವಾಗ?

ಸತತ 12 ತಿಂಗಳು ಮುಟ್ಟಾಗದಿದ್ದರೆ, ಅದಕ್ಕೆ ಬೇರೆ ಕಾರಣ ಇಲ್ಲದಿದ್ದರೆ, ಅದನ್ನು ಋತುಬಂಧ ಅಥವಾ ಮೆನೋಪಾಸ್ ಎನ್ನುತ್ತಾರೆ. ಅಮೆರಿಕ, ಯುರೋಪಿನ ಹೆಂಗಸರಲ್ಲಿ ಇದು ಸರಾಸರಿ 51ನೇ ವಯಸ್ಸಿಗೆ ಬರುತ್ತದೆ. ಭಾರತದಲ್ಲಿ ಇನ್ನೂ ಬೇಗ, ಸುಮಾರು 46-47ಕ್ಕೆ.

ಆದರೆ ಮನಸ್ಸಿಗೆ ಹೆಚ್ಚು ತೊಂದರೆ ಕೊಡುವುದು ಮುಟ್ಟು ಪೂರ್ತಿ ನಿಂತ ಮೇಲಲ್ಲ, ಅದಕ್ಕೂ ಮುಂಚಿನ ಕೆಲವು ವರ್ಷಗಳಲ್ಲಿ. ಒಂದು ತಿಂಗಳು ಇಪ್ಪತ್ತು ದಿನಕ್ಕೇ ಮುಟ್ಟು, ಇನ್ನೊಂದು ಸಲ ಎರಡು ತಿಂಗಳಾದರೂ ಇಲ್ಲ, ಬಂದರೆ ವಿಪರೀತ ರಕ್ತಸ್ರಾವ. ಇದೇ ‘ಪೆರಿಮೆನೋಪಾಸ್’, ಅಂದರೆ ಮುಟ್ಟು ನಿಲ್ಲುವ ಮುಂಚಿನ ಹೊಯ್ದಾಟದ ಕಾಲ. ಸಾಮಾನ್ಯವಾಗಿ ಇದು ನಾಲ್ಕೈದು ವರ್ಷ ಇರುತ್ತದೆ, ಕೆಲವರಲ್ಲಿ ಇನ್ನೂ ಹೆಚ್ಚು. ಅಂದರೆ ನಮ್ಮಲ್ಲಿ 40ರ ಆಸುಪಾಸಿಗೇ ಶುರುವಾಗಬಹುದು. “ನಂಗಿನ್ನೂ ಮುಟ್ಟಾಗ್ತಾ ಇದೆ, ಹಾಗಾಗಿ ಇದು ಅದಲ್ಲ” ಎಂದು ತುಂಬಾ ಜನ ಅಂದುಕೊಳ್ಳುವುದು ಇಲ್ಲಿಯೇ.

ಬೇಜಾರು ಬೇರೆ, ಖಿನ್ನತೆ ಬೇರೆ

ಯಾರೋ ಏನೋ ಅಂದರು ಎಂದು ಕಣ್ಣೀರು ಬರುವುದು, ರಾತ್ರಿ ನಿದ್ದೆ ಕೆಟ್ಟದ್ದಕ್ಕೆ ಬೆಳಿಗ್ಗೆ ರೇಗುವುದು, ಸಂಜೆ ಹೊತ್ತಿಗೆ ಸರಿಹೋಗುವುದು: ಇದು ಮನಸ್ಸಿನ ಏರುಪೇರು. ಈ ವಯಸ್ಸಿನಲ್ಲಿ ಬಹಳ ಜನರಿಗೆ ಆಗುತ್ತದೆ. ವಿಶ್ರಾಂತಿ, ನಿದ್ದೆ, ಒಂದಿಷ್ಟು ನೆರವು ಸಿಕ್ಕರೆ ಇಳಿಯುತ್ತದೆ.

ಖಿನ್ನತೆ ಹಾಗಲ್ಲ. ಅದನ್ನು ಗುರುತಿಸಲು ವೈದ್ಯರು ಒಂದು ಗಡುವು ಇಟ್ಟುಕೊಂಡಿದ್ದಾರೆ. ಎರಡು ವಾರ, ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿರಬೇಕು, ಇಲ್ಲವೇ ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಉಳಿದಿರಬಾರದು. ಇದರ ಜೊತೆಗೆ ನಿದ್ದೆ ಬಾರದಿರುವುದು ಅಥವಾ ಅತಿ ನಿದ್ದೆ, ಊಟ ಸೇರದಿರುವುದು ಅಥವಾ ಅತಿಯಾಗಿ ತಿನ್ನುವುದು, ಸದಾ ಸುಸ್ತು, ಯಾವುದರಲ್ಲೂ ಗಮನ ನಿಲ್ಲದಿರುವುದು, ಮಾತು-ನಡಿಗೆ ನಿಧಾನವಾಗುವುದು ಅಥವಾ ಕೂತಲ್ಲಿ ಕೂರಲಾರದ ಚಡಪಡಿಕೆ, “ನನ್ನಿಂದ ಯಾರಿಗೂ ಉಪಯೋಗವಿಲ್ಲ” ಎನ್ನುವ ಭಾವ, ಸಾವಿನ ಯೋಚನೆ. ಒಟ್ಟು ಈ ಒಂಬತ್ತರಲ್ಲಿ ಐದು ಅಥವಾ ಹೆಚ್ಚು ಇದ್ದು, ಅದರಿಂದ ದಿನದ ಬದುಕು ಏರುಪೇರಾಗಿದ್ದರೆ ಖಿನ್ನತೆ ಎಂದು ವೈದ್ಯರು ತೀರ್ಮಾನಿಸುತ್ತಾರೆ.

ನಮ್ಮ ಮನೆಗಳಲ್ಲಿ ಇದು ‘ಖಿನ್ನತೆ’ ಎಂಬ ಹೆಸರು ಹೊತ್ತುಕೊಂಡು ಬರುವುದಿಲ್ಲ. ಎಷ್ಟೋ ಹೆಂಗಸರು ಹೇಳುವುದು ಮೈಯ ಮಾತು: “ತಲೆ ಭಾರ”, “ಎದೆ ಹೊಡ್ಕೊಳ್ಳುತ್ತೆ”, “ಕೈಕಾಲು ಜೋಮು”, “ಹೊಟ್ಟೆಯಲ್ಲಿ ಏನೋ ಸಂಕಟ”, “ಯಾಕೋ ಆಗ್ತಾನೇ ಇಲ್ಲ”. ಗ್ಯಾಸಿಗೆ ಒಂದು ಮಾತ್ರೆ, ಸುಸ್ತಿಗೆ ಒಂದು ಟಾನಿಕ್, ನೋವಿಗೆ ಒಂದು ಮುಲಾಮು ತಂದುಕೊಟ್ಟು ವರ್ಷ ಕಳೆಯುತ್ತದೆ. ಹೆರಿಗೆಯ ನಂತರ ಮನಸ್ಸು ಕೆಟ್ಟರೆ ಅದಕ್ಕೆ ‘ಬಾಣಂತಿ ಸನ್ನಿ’ ಎಂಬ ಹೆಸರನ್ನಾದರೂ ನಮ್ಮ ಹಿರಿಯರು ಇಟ್ಟಿದ್ದರು. ಮುಟ್ಟು ನಿಲ್ಲುವಾಗ ಮನಸ್ಸು ಕುಸಿದರೆ ಅಷ್ಟು ಬಳಕೆಯ ಹೆಸರು ಕೂಡ ಇಲ್ಲ. ಹೆಸರಿಲ್ಲದ ಕಾಯಿಲೆ ‘ಗುಣ’ವಾಗಿಬಿಡುತ್ತದೆ: “ಅವಳು ಈಚೆಗೆ ಸಿಡುಕಿ ಆಗಿದ್ದಾಳೆ”, “ಅತ್ತೆ ಮೊದಲಿನ ಹಾಗಿಲ್ಲ”.

ಹಾರ್ಮೋನು ಮನಸ್ಸಿಗೆ ಏನು ಮಾಡುತ್ತದೆ?

ಅಂಡಾಶಯದಲ್ಲಿ ತಯಾರಾಗುವ ಈಸ್ಟ್ರೋಜನ್ ಗರ್ಭಕೋಶದಲ್ಲಿ ಮಾತ್ರ ಕೆಲಸ ಮಾಡುವುದಿಲ್ಲ. ಮಿದುಳಿನಲ್ಲಿ ಮನಸ್ಸಿನ ಸ್ಥಿತಿ, ನಿದ್ದೆ, ಮೈಬಿಸಿ ಇವನ್ನು ನೋಡಿಕೊಳ್ಳುವ ಜಾಗಗಳಲ್ಲೂ ಅದರ ಕೆಲಸವಿದೆ. ಸೆರೊಟೊನಿನ್‌ನಂಥ ರಾಸಾಯನಿಕಗಳ ಮೇಲೆ ಅದು ಪ್ರಭಾವ ಬೀರುತ್ತದೆ. ಮುಟ್ಟು ನಿಲ್ಲುವ ಮುಂಚೆ ಈಸ್ಟ್ರೋಜನ್ ಮೆಟ್ಟಿಲಿಳಿದಂತೆ ನಿಧಾನವಾಗಿ ಇಳಿಯುವುದಿಲ್ಲ. ಒಂದು ವಾರ ವಿಪರೀತ ಏರುತ್ತದೆ, ಮುಂದಿನ ವಾರ ಧೊಪ್ಪನೆ ಬೀಳುತ್ತದೆ. ಕೆಲವರ ಮಿದುಳು ಈ ಏರಿಳಿತಕ್ಕೆ ಬೇಗ ನಲುಗುತ್ತದೆ.

ಇದನ್ನು ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು ಪರೀಕ್ಷಿಸಿ ನೋಡಿದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮುಟ್ಟು ನಿಂತ ಎರಡು ಬಗೆಯ ಹೆಂಗಸರಿದ್ದರು. ಮುಟ್ಟು ನಿಲ್ಲುವ ಕಾಲದಲ್ಲಿ ಖಿನ್ನತೆ ಬಂದು ಹೋದವರು ಒಂದು ಕಡೆ, ಎಂದೂ ಖಿನ್ನತೆ ಬಾರದವರು ಇನ್ನೊಂದು ಕಡೆ. ಎಲ್ಲರಿಗೂ ಮೂರು ವಾರ ಈಸ್ಟ್ರೋಜನ್ ಪಟ್ಟಿ ಅಂಟಿಸಿದರು. ಆಮೇಲೆ ಕೆಲವರಿಗೆ, ಅವರಿಗೆ ಗೊತ್ತಾಗದಂತೆ, ಔಷಧವಿಲ್ಲದ ಪಟ್ಟಿ ಕೊಟ್ಟರು. ಈಸ್ಟ್ರೋಜನ್ ನಿಂತ ಕೂಡಲೇ, ಮೊದಲು ಖಿನ್ನತೆ ಅನುಭವಿಸಿದ್ದವರಲ್ಲಿ ಅದರ ಲಕ್ಷಣಗಳು ಮತ್ತೆ ಕಾಣಿಸಿಕೊಂಡವು. ಎಂದೂ ಖಿನ್ನತೆ ಬಾರದವರಿಗೆ ಏನೂ ಆಗಲಿಲ್ಲ. ಇಬ್ಬರ ರಕ್ತದಲ್ಲೂ ಹಾರ್ಮೋನಿನ ಪ್ರಮಾಣ ಮಾತ್ರ ಒಂದೇ ಥರ ಇತ್ತು.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಒಂದು, ಆಕೆ ‘ನಾಟಕ’ ಮಾಡುತ್ತಿಲ್ಲ, ಮಿದುಳಿನಲ್ಲಿ ನಿಜವಾಗಿ ಏನೋ ಆಗುತ್ತಿದೆ. ಎರಡು, “ನನಗೂ ಮುಟ್ಟು ನಿಂತಿತ್ತು, ನನಗೇನೂ ಆಗ್ಲಿಲ್ಲವಲ್ಲ” ಎಂಬ ಅತ್ತಿಗೆಯ ಮಾತು ನಿಜವಿದ್ದರೂ, ಅದು ಇನ್ನೊಬ್ಬರಿಗೆ ಅಳತೆಗೋಲಲ್ಲ.

ಹಾಗಿದ್ದರೆ ಎಷ್ಟು ಜನರಿಗೆ ಬರುತ್ತದೆ? ಅಮೆರಿಕದಲ್ಲಿ 1990ರ ದಶಕದಿಂದ ಸಾವಿರಾರು ಹೆಂಗಸರನ್ನು ವರ್ಷವರ್ಷವೂ ಗಮನಿಸಿದ ‘ಸ್ವಾನ್’ ಎಂಬ ದೊಡ್ಡ ಅಧ್ಯಯನವಿದೆ. ಅದರ ಒಂದು ಭಾಗದಲ್ಲಿ, ಮುಟ್ಟು ಸರಿಯಾಗಿ ಆಗುತ್ತಿದ್ದ ಕಾಲಕ್ಕೆ ಹೋಲಿಸಿದರೆ, ಮುಟ್ಟು ನಿಲ್ಲುವ ಹೊತ್ತಿಗೆ ಮತ್ತು ನಿಂತ ಹೊಸತರಲ್ಲಿ ಖಿನ್ನತೆಯ ಸಾಧ್ಯತೆ 2ರಿಂದ 4 ಪಟ್ಟು ಹೆಚ್ಚಿತ್ತು. ನಮ್ಮ ದೇಶದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲೂ ಖಿನ್ನತೆ ಹೆಂಗಸರಲ್ಲಿ ಮತ್ತು 40-49ರ ವಯಸ್ಸಿನವರಲ್ಲಿ ಹೆಚ್ಚು ಕಂಡುಬಂತು. ಹಾಗೆಂದು ಗಾಬರಿ ಬೇಡ. ಹೆಚ್ಚಿನ ಹೆಂಗಸರು ಖಿನ್ನತೆಯಿಲ್ಲದೆಯೇ ಈ ಕಾಲವನ್ನು ದಾಟುತ್ತಾರೆ.

ಯಾರು ಹೆಚ್ಚು ಎಚ್ಚರದಿಂದಿರಬೇಕು? ಮೊದಲೊಮ್ಮೆ ಖಿನ್ನತೆ ಬಂದವರು, ಹೆರಿಗೆಯ ನಂತರ ಮನಸ್ಸು ಕುಸಿದಿದ್ದವರು, ಪ್ರತಿ ಮುಟ್ಟಿಗೆ ಮುಂಚೆ ಮನಸ್ಸು ತೀರಾ ಕೆಡುತ್ತಿದ್ದವರು.

ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟಬಹುದೇ?

ಅದೂ ತಪ್ಪು. ಒಂದು ಕಾಲದಲ್ಲಿ ವೈದ್ಯರೇ ಈ ತಪ್ಪು ಮಾಡಿದ್ದರು. ಮುಟ್ಟು ನಿಲ್ಲುವ ವಯಸ್ಸಿಗೇ ಬರುವ ಒಂದು ವಿಶೇಷ ಮಾನಸಿಕ ರೋಗವಿದೆ ಎಂದು ನಂಬಿ, ಅದಕ್ಕೆ ಪ್ರತ್ಯೇಕ ಹೆಸರನ್ನೂ ಕೊಟ್ಟಿದ್ದರು. ಅಂಥ ಬೇರೆ ರೋಗವೇನೂ ಇಲ್ಲ ಎಂದು ತಿಳಿದ ಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಿಂದ ಅದನ್ನು ತೆಗೆದುಹಾಕಿದರು.

ಈ ವಯಸ್ಸಿನಲ್ಲಿ ಒಬ್ಬ ಹೆಂಗಸಿನ ಬದುಕಿನಲ್ಲಿ ಇನ್ನೇನೇನು ನಡೆಯುತ್ತಿರುತ್ತದೆ ನೋಡಿ. ಮಗ ಕೆಲಸಕ್ಕೆಂದು ಬೇರೆ ಊರಿಗೆ ಹೋಗಿರುತ್ತಾನೆ, ಮಗಳ ಮದುವೆಯ ಸಾಲ ತೀರಿರುವುದಿಲ್ಲ. ಅತ್ತೆ ಅಥವಾ ಮಾವ ಹಾಸಿಗೆ ಹಿಡಿದಿರುತ್ತಾರೆ, ಅವರ ಆರೈಕೆ ಈಕೆಯ ಪಾಲಿಗೇ ಬಂದಿರುತ್ತದೆ. ರಾತ್ರಿ ಮೈ ಬಿಸಿಯೇರಿ ಬೆವರಿ ಎರಡು ಸಲ ಎದ್ದು ಕೂತಿರುತ್ತಾಳೆ, ಬೆಳಿಗ್ಗೆ ಐದಕ್ಕೆ ಮತ್ತೆ ಒಲೆ ಮುಂದೆ. ಮನೆಯಲ್ಲಿ ಕುಡಿತ, ಹೊಡೆತ ಇದ್ದರೆ ಕೇಳುವುದೇ ಬೇಡ. “ಹಾರ್ಮೋನು” ಎಂದು ಒಂದೇ ಪದದಲ್ಲಿ ಮುಗಿಸಿಬಿಟ್ಟರೆ, ಮನೆಯವರು ಬದಲಾಯಿಸಬಹುದಾದ ಇದೆಲ್ಲವೂ ಮರೆಯಾಗುತ್ತದೆ.

ಗರ್ಭಕೋಶ ತೆಗೆಸಿಕೊಂಡವರು ಗಮನಿಸಿ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ. 3ರಷ್ಟು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದಾರೆ. ಕಲಬುರಗಿ ಭಾಗದ ತಾಂಡಾಗಳಲ್ಲಿ ಸಣ್ಣ ವಯಸ್ಸಿನ ಹೆಂಗಸರಿಗೂ ಅಗತ್ಯವಿಲ್ಲದೆ ಈ ಆಪರೇಷನ್ ಮಾಡಿದ ಸಂಗತಿ ಕೆಲವು ವರ್ಷಗಳ ಹಿಂದೆ ದೊಡ್ಡ ಸುದ್ದಿಯಾಗಿತ್ತು.

“ಗರ್ಭಕೋಶ ತೆಗೆಸಿದರೆ ಹುಚ್ಚು ಹಿಡಿಯುತ್ತೆ” ಎಂಬ ಮಾತು ಸುಳ್ಳು. ಆದರೆ ಆಪರೇಷನ್ನಿನಲ್ಲಿ ಎರಡು ಅಂಡಾಶಯಗಳನ್ನೂ ತೆಗೆದಿದ್ದರೆ ಈಸ್ಟ್ರೋಜನ್ ಒಮ್ಮೆಲೇ ಕುಸಿಯುತ್ತದೆ, ಖಿನ್ನತೆಯ ಸಾಧ್ಯತೆಯೂ ಹೆಚ್ಚುತ್ತದೆ. ಗರ್ಭಕೋಶ ಮಾತ್ರ ತೆಗೆದಿದ್ದರೆ ಮುಟ್ಟು ನಿಲ್ಲುತ್ತದೆ, ಆದರೆ ಹಾರ್ಮೋನಿನ ಏರಿಳಿತ ಮುಂದೆ ಯಾವಾಗಲೋ ಶುರುವಾಗುತ್ತದೆ. ಮುಟ್ಟೇ ಇಲ್ಲದ ಕಾರಣ ಅದು ಗೊತ್ತಾಗುವುದಿಲ್ಲ. ಆದ್ದರಿಂದ ಡಿಸ್ಚಾರ್ಜ್ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಏನೇನು ತೆಗೆದಿದ್ದಾರೆ ಎಂದು ಕೇಳಿ ತಿಳಿದುಕೊಳ್ಳಿ.

ವೈದ್ಯರ ಹತ್ತಿರ ಹೋದರೆ ಏನು ಮಾಡುತ್ತಾರೆ?

ಮೊದಲು ಖಿನ್ನತೆಯ ಹಾಗೇ ಕಾಣುವ ಬೇರೆ ತೊಂದರೆ ಇದೆಯೇ ಎಂದು ನೋಡುತ್ತಾರೆ. ಥೈರಾಯ್ಡ್ ಕಡಿಮೆಯಾದರೆ ಸುಸ್ತು, ಮಂಕು ಬರುತ್ತದೆ. ರಕ್ತಹೀನತೆಯಲ್ಲೂ ಹಾಗೆಯೇ. 2019-21ರ ಸಮೀಕ್ಷೆಯಲ್ಲಿ 15-49 ವಯಸ್ಸಿನ ಶೇ. 57 ಹೆಂಗಸರಿಗೆ ರಕ್ತಹೀನತೆ ಇತ್ತು, ಮುಟ್ಟು ನಿಲ್ಲುವ ಮುಂಚಿನ ಅತಿಸ್ರಾವ ಇದನ್ನು ಇನ್ನೂ ಹೆಚ್ಚಿಸುತ್ತದೆ. ಹಾಗಾಗಿ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12 ಪರೀಕ್ಷೆ ಮಾಡಿಸಲು ಹೇಳಬಹುದು. 45 ದಾಟಿದವರಲ್ಲಿ ಮೆನೋಪಾಸ್ ಹೌದೋ ಅಲ್ಲವೋ ಎಂದು ತಿಳಿಯಲು ದುಬಾರಿ ಹಾರ್ಮೋನ್ ಪರೀಕ್ಷೆ ಸಾಮಾನ್ಯವಾಗಿ ಬೇಕಿಲ್ಲ.

ಚಿಕಿತ್ಸೆಯಲ್ಲಿ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಆಪ್ತಸಲಹೆ. ಅದರಲ್ಲೂ ಯೋಚನೆ ಮತ್ತು ನಡವಳಿಕೆಯ ಸುಳಿಯನ್ನು ಬಿಡಿಸುವ ‘ಸಿಬಿಟಿ’ ಎಂಬ ಮಾತಿನ ಚಿಕಿತ್ಸೆ. ಮನಸ್ಸಿನ ಕುಗ್ಗುವಿಕೆಗೆ, ನಿದ್ದೆಗೆ ಇದರಿಂದ ಪ್ರಯೋಜನವಿದೆ.

ಎರಡನೆಯದು ಖಿನ್ನತೆಯ ಮಾತ್ರೆ. ಕೆಲಸ ಶುರುವಾಗಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಆರು ವಾರ ಬೇಕು. ನಾಲ್ಕು ದಿನ ತಿಂದು “ಏನೂ ಆಗ್ಲಿಲ್ಲ” ಎಂದು ಬಿಡುವುದೇ ದೊಡ್ಡ ತಪ್ಪು. ಕೆಲವು ಮಾತ್ರೆಗಳು ಮೈ ಬಿಸಿಯೇರುವುದನ್ನೂ ಕಡಿಮೆ ಮಾಡುತ್ತವೆ. ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವವರು ಅದನ್ನು ಮೊದಲೇ ಹೇಳಬೇಕು, ಏಕೆಂದರೆ ಖಿನ್ನತೆಯ ಕೆಲವು ಮಾತ್ರೆಗಳು ಆ ಔಷಧದ ಕೆಲಸಕ್ಕೆ ಅಡ್ಡಬರುತ್ತವೆ.

ಮೂರನೆಯದು ಹಾರ್ಮೋನ್ ಚಿಕಿತ್ಸೆ. ಮೈ ಬಿಸಿಯೇರುವುದು, ರಾತ್ರಿ ಬೆವರು ಹೆಚ್ಚಿದ್ದವರಿಗೆ ಇದರಿಂದ ನಿದ್ದೆಯೂ ಮನಸ್ಸೂ ಸುಧಾರಿಸಬಹುದು. ಮುಟ್ಟು ನಿಲ್ಲುವ ಹೊಯ್ದಾಟದ ಕಾಲದಲ್ಲಿ ಈಸ್ಟ್ರೋಜನ್ ಖಿನ್ನತೆಯನ್ನು ಇಳಿಸುವ ಗುಣವನ್ನೂ ತೋರಿಸಿದೆ. ಆದರೆ ತೀವ್ರ ಖಿನ್ನತೆಗೆ ಮೊದಲ ಚಿಕಿತ್ಸೆ ಮಾತ್ರೆ ಮತ್ತು ಆಪ್ತಸಲಹೆಯೇ ಎಂದು ಉತ್ತರ ಅಮೆರಿಕದ ಮೆನೋಪಾಸ್ ಸೊಸೈಟಿ ಮುಂತಾದ ತಜ್ಞರ ಮಂಡಳಿಗಳು 2018ರಲ್ಲಿ ಹೇಳಿವೆ.

ಇನ್ನಷ್ಟು ಫಾರ್ವರ್ಡ್ ಮಾತುಗಳು, ಅವುಗಳ ನಿಜ

“ಹಾರ್ಮೋನ್ ತಗೊಂಡ್ರೆ ಕ್ಯಾನ್ಸರ್ ಗ್ಯಾರಂಟಿ.” ಸುಳ್ಳು. ಈ ಭಯ ಹರಡಿದ್ದು 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನವನ್ನು ನಡುವೆಯೇ ನಿಲ್ಲಿಸಿದಾಗ. ಅದರಲ್ಲಿದ್ದವರ ಸರಾಸರಿ ವಯಸ್ಸು 63. ಎರಡು ಹಾರ್ಮೋನು ಒಟ್ಟಿಗೆ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಾದದ್ದು ವರ್ಷಕ್ಕೆ 10,000 ಮಂದಿಯಲ್ಲಿ ಸುಮಾರು 8. ಅಪಾಯ ಇದೆ, ಆದರೆ ಗ್ಯಾರಂಟಿ ಅಲ್ಲ. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವಿಕೆ, ಪಾರ್ಶ್ವವಾಯು ಆದವರಿಗೆ ಇದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ವೈದ್ಯರೇ ನೋಡಿ ಹೇಳಬೇಕು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಔಷಧವಲ್ಲ.

“ಖಿನ್ನತೆ ಮಾತ್ರೆ ಶುರು ಮಾಡಿದ್ರೆ ಸಾಯೋ ತನಕ ತಿನ್ನಬೇಕು.” ಸುಳ್ಳು. ಮೊದಲ ಸಲ ಬಂದವರಿಗೆ ಸರಿಹೋದ ಮೇಲೆ ಕನಿಷ್ಠ ಆರು ತಿಂಗಳು ಮುಂದುವರಿಸಿ, ನಿಧಾನವಾಗಿ ಕಡಿಮೆ ಮಾಡುತ್ತಾ ನಿಲ್ಲಿಸುತ್ತಾರೆ. ಮತ್ತೆ ಮತ್ತೆ ಬಂದವರಿಗೆ ಇನ್ನೂ ಹೆಚ್ಚು ಕಾಲ ಬೇಕಾಗಬಹುದು. ಒಮ್ಮೆಲೇ ನಾವೇ ನಿಲ್ಲಿಸಬಾರದು ಅಷ್ಟೆ.

“ಸೋಯಾ, ಅಗಸೆ ಬೀಜ, ರಾಗಿ ತಿಂದರೆ ಸಾಕು.” ಊಟಕ್ಕೆ ಒಳ್ಳೆಯವು. ರಾಗಿಯ ಕ್ಯಾಲ್ಸಿಯಂ ಮೂಳೆಗೆ ಬೇಕು. ಆದರೆ ಖಿನ್ನತೆಗೆ ಇವು ಚಿಕಿತ್ಸೆಯಲ್ಲ.

“ವಾಕಿಂಗ್, ಯೋಗ ಮಾಡಿದ್ರೆ ಎಲ್ಲ ಸರಿಹೋಗುತ್ತೆ.” ಅರ್ಧ ನಿಜ. ವ್ಯಾಯಾಮದಿಂದ ಮನಸ್ಸಿಗೆ ಖಂಡಿತ ಸಹಾಯವಿದೆ. ಸಣ್ಣ ಮಟ್ಟದ ಖಿನ್ನತೆಯಲ್ಲಿ ಅದೊಂದೇ ಬಹಳ ಕೆಲಸ ಮಾಡಬಹುದು. ಆದರೆ ಹಾಸಿಗೆಯಿಂದ ಏಳಲಾರದವರಿಗೆ “ವಾಕಿಂಗ್ ಹೋಗು” ಎಂದರೆ, ಕಾಲು ಮುರಿದವರಿಗೆ ಓಡು ಎಂದಂತೆ.

“ಎಲ್ಲಾ ಇದೆ, ಇನ್ನೇನು ಖಿನ್ನತೆ?” ಮನೆ, ಒಡವೆ, ಓದಿದ ಮಕ್ಕಳು ಇದ್ದರೂ ಸಕ್ಕರೆ ಕಾಯಿಲೆ ಬರುತ್ತದಲ್ಲ? ಇದೂ ಹಾಗೆಯೇ.

“ಸಾಯೋ ಮಾತು ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದಂಗೆ.” ಸುಳ್ಳು. “ಸಾಯಬೇಕು ಅನ್ನಿಸ್ತಿದೆಯಾ?” ಎಂದು ಮೆತ್ತಗೆ, ನೇರವಾಗಿ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ. ಕೇಳುವವರು ಸಿಕ್ಕರಲ್ಲ ಎಂದು ಹೇಳಿಕೊಳ್ಳುವ ಧೈರ್ಯ ಬರುತ್ತದೆ.

ಮನೆಯವರು ಏನು ಮಾಡಬಹುದು?

ತಾಳ್ಮೆ ಬೇಕು, ಆದರೆ ಅದೊಂದೇ ಸಾಲದು. “ಯಾಕೆ ಹೀಗಾಡ್ತೀಯ?” ಎನ್ನುವ ಬದಲು “ಎಷ್ಟು ದಿನದಿಂದ ಹೀಗಾಗ್ತಿದೆ?” ಎಂದು ಕೇಳಿ. ಉತ್ತರ ಎರಡು ವಾರಕ್ಕಿಂತ ಹೆಚ್ಚಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. “ಹೋಗಿ ಬಾ” ಎಂದರೆ ಆಕೆ ಹೋಗುವುದಿಲ್ಲ, ಜೊತೆಗೆ ಹೋಗಿ. ಆಕೆಯ ಕೆಲಸದಲ್ಲಿ ಒಂದನ್ನು ಪೂರ್ತಿಯಾಗಿ ವಹಿಸಿಕೊಳ್ಳಿ: ರಾತ್ರಿಯ ಪಾತ್ರೆಯೋ, ಅಜ್ಜಿಯ ಮಾತ್ರೆಯೋ, ಬೆಳಗಿನ ತಿಂಡಿಯೋ. ರಾತ್ರಿ ಫ್ಯಾನು, ಕಿಟಕಿ ಆಕೆಗೆ ಹೇಗೆ ಬೇಕೋ ಹಾಗೆ ಇರಲಿ. ಸಾವಿನ ಮಾತು ಬಂದಿದ್ದರೆ ಒಂಟಿಯಾಗಿ ಬಿಡಬೇಡಿ. ಹೊಲದ ಕೀಟನಾಶಕ, ಹೆಚ್ಚಿನ ಮಾತ್ರೆಗಳನ್ನು ಬೀಗದೊಳಗೆ ಇಡಿ, ಅದೇ ದಿನ ವೈದ್ಯರನ್ನು ಕಾಣಿ.

ಎಲ್ಲಿಗೆ ಹೋಗಬೇಕು?

ಮನೋವೈದ್ಯರು ಬೆಂಗಳೂರಿನಲ್ಲಿ ಮಾತ್ರ ಇರುತ್ತಾರೆ ಎಂದುಕೊಳ್ಳಬೇಡಿ. 1980ರ ದಶಕದಲ್ಲೇ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು, ಹಳ್ಳಿಯ ಹತ್ತಿರವೇ ಮಾನಸಿಕ ಚಿಕಿತ್ಸೆ ಕೊಡಬಹುದೆಂದು ತೋರಿಸಿತ್ತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಇಂದು ಜಿಲ್ಲಾ ಆಸ್ಪತ್ರೆಯಲ್ಲಿ ಈ ಸೇವೆ ಇದೆ. ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರದ ದಿನ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿಗೆ ಯಾವ ದಿನ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ನೇರವಾಗಿ ಮನೋವೈದ್ಯರ ಬಳಿ ಹೋಗಲು ಹಿಂಜರಿಕೆಯಿದ್ದರೆ, ಮುಟ್ಟಿನ ತೊಂದರೆಗೆಂದು ಹೋಗುವ ಸ್ತ್ರೀರೋಗ ವೈದ್ಯರಿಗೇ “ಮನಸ್ಸೂ ಸರಿ ಇಲ್ಲ” ಎಂಬ ಒಂದು ಮಾತು ಸೇರಿಸಿ ಹೇಳಿ.

ಮನೆಯಿಂದ ಹೊರಡಲು ಆಗದಿದ್ದರೆ ಫೋನ್ ಇದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ಅಪಾಯವಿದೆ ಅನ್ನಿಸಿದರೆ 112ಕ್ಕೆ ಕರೆ ಮಾಡಿ.

ಆ ಮೊದಲಿನ ಫಾರ್ವರ್ಡ್ ಮತ್ತೆ ಬಂದರೆ ಅಳಿಸಿಬಿಡಿ. ಕಳಿಸಲೇಬೇಕು ಅನ್ನಿಸಿದರೆ ಇಷ್ಟು ಕಳಿಸಿ:

“ಮುಟ್ಟು ನಿಲ್ಲುವ ಕಾಲದಲ್ಲಿ ಮನಸ್ಸು ಏರುಪೇರಾಗಬಹುದು. ಆದರೆ ಎರಡು ವಾರಕ್ಕಿಂತ ಹೆಚ್ಚು ದಿನ ಬೇಜಾರು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ-ಊಟ ಕೆಡುವುದು ಇದ್ದರೆ ಅದು ವಯಸ್ಸಿನ ಗುಣವಲ್ಲ, ಖಿನ್ನತೆ ಇರಬಹುದು. ಚಿಕಿತ್ಸೆಯಿಂದ ವಾಸಿಯಾಗುತ್ತದೆ. ತಡೆದುಕೊಳ್ಳಬೇಡಿ, ತೋರಿಸಿ. ಉಚಿತ ಸಹಾಯವಾಣಿ 14416.”

ಹತ್ತು ಜನಕ್ಕೆ ಕಳಿಸಬೇಕೆಂದೇನೂ ಇಲ್ಲ. ಮನೆಯಲ್ಲಿರುವ ಒಬ್ಬರ ಹತ್ತಿರ ಫೋನ್ ಪಕ್ಕಕ್ಕಿಟ್ಟು ಕೂತು, “ಹೇಗಿದ್ದೀಯಮ್ಮಾ?” ಎಂದು ಕೇಳಿದರೂ ಆಯಿತು.